ಊಟದ ಕುರ್ಚಿಗೊಂದು ಕಾಲುಮಣೆ, ತಟ್ಟೆ ಪಕ್ಕಕ್ಕೊಂದು ಚಟ್ನಿ ಬಟ್ಟಲು

ನಮ್ಮ ಊಟದ ಮೇಜು ನೆಲದಿಂದ 75 ಸೆಂ.ಮೀ. ಎತ್ತರ. ಕುರ್ಚಿಯ ಸೀಟು 45 ಸೆಂ.ಮೀ., ಸೀಟಿನ ಆಳ 42. ಅಂಗಡಿಯಲ್ಲಿ ಸಿಗುವ ಬಹುಪಾಲು ಡೈನಿಂಗ್ ಸೆಟ್‌ಗಳು ಹೆಚ್ಚುಕಡಿಮೆ ಇದೇ ಅಳತೆಯವು, ದೊಡ್ಡವರಿಗೆಂದು ಮಾಡಿದವು. ಅದರ ಮೇಲೆ ನಾಲ್ಕು ವರ್ಷದ ಮಗಳು ಪುಟ್ಟಿಯನ್ನು ಕೂರಿಸಿ ಟೇಪು ಹಿಡಿದರೆ ಲೆಕ್ಕ ಹೀಗೆ ಬಂತು: ಮಂಡಿಯ ಹಿಂದಿನ ಮಡಿಕೆಯಿಂದ ಅಂಗಾಲಿಗೆ 24, ಬೆನ್ನಿನಿಂದ ಅದೇ ಮಡಿಕೆಗೆ 27, ಕೂತಾಗ ಸೀಟಿನಿಂದ ಮೊಣಕೈಗೆ 16. ಅಂದರೆ ಮೇಜಿನ ಅಂಚು ಅವಳ ಕಂಕುಳಿಗೆ ಬರುತ್ತದೆ, ಕಾಲು ಗಾಳಿಯಲ್ಲಿ, ಬೆನ್ನು ಒರಗಿಸಿದರೆ ಮಂಡಿ ಮಡಚಲು ಜಾಗವೇ ಇಲ್ಲ.

ಈ ಕುರ್ಚಿಯಲ್ಲಿ ಅವಳು ತಿನ್ನುತ್ತಿದ್ದದ್ದು ಮೊಸರನ್ನ, ಗರಿಗರಿ ದೋಸೆ, ಸಕ್ಕರೆ ಸುತ್ತಿದ ಚಪಾತಿ, ಬಾಳೆಹಣ್ಣು. ಉಳಿದದ್ದಕ್ಕೆಲ್ಲ "ಒಲ್ಲೆ". ಪಲ್ಯ ಅನ್ನದ ಅಂಚಿಗೆ ತಾಗಿದರೂ ಇಡೀ ತಟ್ಟೆ ದೂರ ಸರಿಯುತ್ತಿತ್ತು. ನಾಲ್ಕು ತುತ್ತು ತಿನ್ನುವಷ್ಟರಲ್ಲಿ ಮಂಡಿಯೂರಿ ಕೂರುವುದು, ಪಕ್ಕಕ್ಕೆ ವಾಲುವುದು, ಇಳಿದು ಓಡುವುದು. ಹಿಂದೆಯೇ ತಟ್ಟೆ ಹಿಡಿದು ಅತ್ತೆ. ಗುಮ್ಮ, ಪೊಲೀಸ್ ಮಾಮ, ಕಡೆಗೆ ಮೊಬೈಲು.

ಆದರೆ ಊರಲ್ಲಿ ನಮ್ಮಮ್ಮನ ಮನೆಗೆ ಹೋದಾಗ ಇದೇ ಹುಡುಗಿ ನೆಲದ ಮೇಲೆ ಚಕ್ಕಲಮಕ್ಕಲ ಹಾಕಿ, ಎಲ್ಲರ ಜೊತೆ ಸಾಲಿನಲ್ಲಿ, ಮಜ್ಜಿಗೆ ಬಡಿಸುವವರೆಗೂ ಕೂತಿರುತ್ತಾಳೆ. ಎಲ್ಲ ತಿನ್ನುತ್ತಾಳೆ ಅಂತಲ್ಲ, ಕೂತಿರುತ್ತಾಳೆ. ಮಕ್ಕಳ ಊಟದ ತೊಂದರೆ ನೋಡುವ ಆಕ್ಯುಪೇಷನಲ್ ಥೆರಪಿಸ್ಟ್‌ಗಳು ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಮಗು ಎಲ್ಲಿ ಕೂರುತ್ತೆ, ಕಾಲು ಎಲ್ಲಿರುತ್ತೆ? ಸೊಂಟ, ಮಂಡಿ, ಪಾದ, ಮೂರೂ ಸುಮಾರು 90 ಡಿಗ್ರಿಯಲ್ಲಿ ಮಡಿದು, ಅಂಗಾಲಿಗೆ ಒಂದು ಆಸರೆ ಸಿಗಬೇಕು ಅನ್ನುತ್ತಾರೆ. ಕಾಲು ನೇತಾಡುತ್ತಿದ್ದರೆ ಬೀಳದೆ ಕೂರುವುದೇ ಮಗುವಿಗೆ ಕೆಲಸವಾಗುತ್ತದೆ. ಹೊಸ ತರಕಾರಿಯನ್ನು ಅಗಿದು ನೋಡುವ ತಾಳ್ಮೆ ಆಗ ಎಲ್ಲಿಂದ ಬರಬೇಕು?

ಹಾಗಾದರೆ ನೆಲದ ಮೇಲೇ ಉಣ್ಣಬಾರದೇ ಎಂದು ಕೇಳಬಹುದು. ಅತ್ತೆಗೆ ಮಂಡಿನೋವು, ಕೆಳಗೆ ಕೂತರೆ ಏಳಿಸಲು ಇಬ್ಬರು ಬೇಕು. ಅವರನ್ನು ಮೇಜಿಗೆ ಕೂರಿಸಿ ನಾವು ಕೆಳಗೆ ಕೂರುವುದು ಸರಿಹೋಗದು. ಕುರ್ಚಿಯನ್ನೇ ರಿಪೇರಿ ಮಾಡುವುದು ಅಂತ ತೀರ್ಮಾನವಾಯಿತು.

ಮೊದಲು ಕಾಗದದ ಮೇಲೆ

ಪೀಟರ್ ಒಪ್ಸ್‌ವಿಕ್ ಎಂಬ ನಾರ್ವೆಯ ವಿನ್ಯಾಸಕಾರ 1972ರಲ್ಲಿ ರೂಪಿಸಿದ ಟ್ರಿಪ್ ಟ್ರ್ಯಾಪ್ ಕುರ್ಚಿ ಇದಕ್ಕೆ ಮೂಲ ಮಾದರಿ ಅನ್ನಬಹುದು. ಸೀಟಿನ ಹಲಗೆ, ಕಾಲಿನ ಹಲಗೆ ಎರಡನ್ನೂ ಪಕ್ಕದ ಚೌಕಟ್ಟಿನ ಗೀರುಗಳಲ್ಲಿ ಮೇಲೆ ಕೆಳಗೆ ಸರಿಸಿಕೊಳ್ಳಬಹುದು, ಮಗು ಬೆಳೆದ ಹಾಗೆ ಕುರ್ಚಿಯೂ ಹೊಂದಿಕೊಳ್ಳುತ್ತದೆ. ಅದನ್ನು ಇಲ್ಲಿ ತರಿಸುವ ಬೆಲೆಗೆ ನಮ್ಮ ಇಡೀ ಡೈನಿಂಗ್ ಸೆಟ್ಟಿನ ಅರ್ಧ ಬರುತ್ತದೆ. ಅದರ ಉಪಾಯವನ್ನಷ್ಟೇ ತೆಗೆದುಕೊಂಡು, ಇರುವ ಕುರ್ಚಿಗೆ ತೂತು ಕೊರೆಯದೆ ಎರಡು ತುಂಡು ಮಾಡಿದೆ: ಮೇಲೆ ಕೂರುವ ಪೆಟ್ಟಿಗೆ, ಕೆಳಗೆ ಕಾಲುಮಣೆ.

ಪೆಟ್ಟಿಗೆಯ ಎತ್ತರ 12 ಸೆಂ.ಮೀ. ಆಗ ಅವಳ ಸೀಟು 57ಕ್ಕೆ ಏರುತ್ತದೆ, ಮೊಣಕೈ 73ಕ್ಕೆ, ಮೇಜಿಗಿಂತ ಒಂದೆರಡು ಬೆರಳು ಕೆಳಗೆ. ಕಾಲಿನ ಹಲಗೆ 57ರಲ್ಲಿ 24 ಕಳೆದು 33ಕ್ಕೆ. ಸೀಟಿನ ಆಳ 24 ಸಾಕು, ಮಂಡಿಯ ಹಿಂದೆ ಎರಡು ಬೆರಳು ಹೋಗುವಷ್ಟು ಸಂದು ಬೇಕೇಬೇಕು. ಹಾಗಾಗಿ ಹಿಂದಿನಿಂದ 18 ಸೆಂ.ಮೀ. ಬಿಟ್ಟು ಹೊಸದೊಂದು ಒರಗು ಹಲಗೆ. ಬೇರೆ ಮಗುವಿಗೆ ಮಾಡುವವರು ನನ್ನ ಅಂಕಿ ತೆಗೆದುಕೊಳ್ಳಬೇಡಿ. ನಿಮ್ಮ ಮಗುವಿಗೆ ಟೇಪು ಹಿಡಿದು ಇದೇ ಕಳೆಯುವ ಲೆಕ್ಕ ಮಾಡಿ.

ಸಾಮಾನು

18 ಎಂ.ಎಂ. ಪ್ಲೈವುಡ್, ಐಎಸ್ 303 (ಪ್ಲೈವುಡ್‌ನ ಭಾರತೀಯ ಮಾನಕ) ಮುದ್ರೆಯ, ಕುದಿನೀರನ್ನೂ ತಾಳುವ ಬಿಡಬ್ಲ್ಯುಆರ್ ದರ್ಜೆಯದು. ಸಾರು ಚೆಲ್ಲುವ ಜಾಗ, ದಿನಾ ಒದ್ದೆ ಬಟ್ಟೆ ತಾಗುತ್ತದೆ. ಬರೀ ತೇವ ತಾಳುವ ಎಂಆರ್ ದರ್ಜೆಯದು ತಂದರೆ ಬೇಗ ಪದರ ಬಿಡಬಹುದು. ಇಡೀ ಶೀಟು ಬೇಡ, ಪ್ಲೈ ಅಂಗಡಿಯಲ್ಲಿ ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿದರೆ ಕೊಡುತ್ತಾರೆ, ಅಳತೆ ಬರೆದುಕೊಟ್ಟರೆ ಅಲ್ಲೇ ಮೆಷಿನ್‌ನಲ್ಲಿ ಕುಯ್ದೂ ಕೊಡುತ್ತಾರೆ. ಕೈಗರಗಸದಲ್ಲಿ ಪ್ಲೈ ಕುಯ್ಯುವ ಶೌರ್ಯ ಬೇಡ, ಅಂಚು ಸಿಬಿರೇಳುತ್ತದೆ. ಇನ್ನು 12 ಎಂ.ಎಂ. ದಪ್ಪದ ರೀಪರ್, ಅಂದರೆ ಮರದ ಪಟ್ಟಿ, ಅದಕ್ಕಿಂತ ದಪ್ಪದ್ದು ನಾಲ್ಕು ತುಂಡು. ಒಂದೂವರೆ ಇಂಚಿನ ಸ್ಕ್ರೂ. ಕಾಲಿಂಚು ದಪ್ಪ, ನಾಲ್ಕಿಂಚು ಉದ್ದದ ಗುಂಡುತಲೆ ಬೋಲ್ಟು, ಅದಕ್ಕೆ ಚಿಟ್ಟೆ ನಟ್ಟು. ಮಂಚಕ್ಕೆ ಹೆಣೆಯುವ ನವಾರ ಪಟ್ಟಿ, ಬ್ಯಾಗ್ ರಿಪೇರಿಯವನ ಹತ್ತಿರ ಎರಡು ಬಕಲ್ಲು. ಹಳೇ ಸೈಕಲ್ ಟ್ಯೂಬು. ಅಡುಗೆಮನೆಗೆ ಹಾಕಿ ಉಳಿದ ಮೈಕಾ ತುಂಡು. ಮರದ ಅಂಟು. ಅಪ್ಪನ ಪೆಟ್ಟಿಗೆಯಿಂದ ಮೂಲೆಮಟ್ಟ, ಅರ, ಸುತ್ತಿಗೆ. ಡ್ರಿಲ್ ನನ್ನದೇ.

ಕಾಲುಮಣೆ

ಕೆಲಸದ ಜೀವ ಇರುವುದು ಇಲ್ಲಿ. ಕುರ್ಚಿಯ ಮುಂಗಾಲುಗಳ ನಡುವೆ ಬರೀ ಒಂದು ಹಲಗೆ ಬಿಗಿದರೆ, ಮಗು ಅದರ ಮೇಲೆ ಎದ್ದು ನಿಂತ ಕೂಡಲೇ ಕುರ್ಚಿ ಮುಂದಕ್ಕೆ ಮಗುಚುತ್ತದೆ. ಮಕ್ಕಳು ನಿಂತೇ ನಿಲ್ಲುತ್ತಾರೆ. ಬಿಡಿಯಾಗಿ ಒಂದು ಸ್ಟೂಲು ಇಟ್ಟರೆ ಅದನ್ನು ಒದ್ದು ಕುರ್ಚಿಯ ಸಮೇತ ಹಿಂದಕ್ಕೆ ವಾಲುತ್ತಾರೆ. ಅದಕ್ಕೆ ಪಕ್ಕದ ಹಲಗೆಗಳು ನೆಲ ಮುಟ್ಟಬೇಕು, ಮುಂಗಾಲಿಗಿಂತ ಸಾಕಷ್ಟು ಮುಂದೆ ಚಾಚಬೇಕು, ಆದರೂ ಕುರ್ಚಿಗೇ ಅಂಟಿರಬೇಕು.

ಎರಡು ಪಕ್ಕದ ಹಲಗೆ, ತಲಾ 40 ಸೆಂ.ಮೀ. ಎತ್ತರ, 34 ಅಗಲ. ಮುಂಗಾಲುಗಳ ನಡುವಿನ ಸಂದು ನಮ್ಮ ಕುರ್ಚಿಯಲ್ಲಿ 38 ಸೆಂ.ಮೀ. ಹಲಗೆಗಳು ಆ ಸಂದಿನೊಳಗೆ, ಕಾಲಿನ ಒಳಮೈಗೆ ತಾಗಿ ನಿಲ್ಲುತ್ತವೆ. 10 ಸೆಂ.ಮೀ. ಕಾಲಿನ ಹಿಂದಕ್ಕೆ, ಉಳಿದದ್ದು ಮುಂದಕ್ಕೆ. ಹಿಂಭಾಗದಲ್ಲಿ ನೆಲಮಟ್ಟಕ್ಕೆ ಒಂದು ಅಡ್ಡಹಲಗೆ ಎರಡನ್ನೂ ಕಟ್ಟುತ್ತದೆ. ಅದರ ಉದ್ದ 38ರಿಂದ ಎರಡು ಪ್ಲೈ ದಪ್ಪ ಕಳೆದು 34.4.

ಹಲಗೆ ಸರಿಯುವ ಗೀರನ್ನು ರೂಟರ್ ಎಂಬ ಮರಗೆಲಸದ ಯಂತ್ರವಿಲ್ಲದೆ ಕೊರೆಯುವುದು ಕಷ್ಟ. ಅದರ ಬದಲು ಒಳಮೈಗೆ 12 ಎಂ.ಎಂ. ರೀಪರ್ ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸುತ್ತಾ ಹೋದೆ, ನಡುವೆ 19 ಎಂ.ಎಂ. ಸಂದು ಬಿಟ್ಟು. 18ರ ಹಲಗೆ ಆ ಸಂದಿನಲ್ಲಿ ಸಲೀಸಾಗಿ ಜಾರುತ್ತದೆ. ಪಟ್ಟಿ, ಸಂದು ಸೇರಿ 31 ಎಂ.ಎಂ., ಅಂದರೆ ಪ್ರತಿ ಮೆಟ್ಟಿಲೂ ಮೂರು ಸೆಂ.ಮೀ. ಚಿಲ್ಲರೆ. ನಾಲ್ಕು ಪಟ್ಟಿಗೆ ಮೂರು ಮೆಟ್ಟಿಲು. ಸಂದು ಒಂದೇ ಸಮ ಬರಬೇಕಾದರೆ ಅಳೆಯುತ್ತಾ ಕೂರಬೇಡಿ. ಅದೇ ಪ್ಲೈನ ತುಂಡೊಂದಕ್ಕೆ ಎರಡು ಪದರ ದಪ್ಪ ಕಾಗದ ಸುತ್ತಿ, ಪಟ್ಟಿಗಳ ನಡುವೆ ಇಟ್ಟು, ಅಂಟಿಸಿ, ಎಳೆದುಬಿಡಿ. ಅಂಟು ಒಣಗಿದ ಮೇಲೆ ಪ್ರತಿ ಪಟ್ಟಿಗೂ ಮೂರು ಚಿಕ್ಕ ಸ್ಕ್ರೂ. ಸ್ಕ್ರೂಗೆ ಮೊದಲು ಸಣ್ಣ ತೂತು ಕೊರೆದುಕೊಳ್ಳದಿದ್ದರೆ ತೆಳು ರೀಪರ್ ಸೀಳುತ್ತದೆ.

ಕುರ್ಚಿಯ ಕಾಲಿಗೆ ಬಿಗಿಯುವುದಕ್ಕೆ ಇಕ್ಕಳದ ಹಿಡಿ. ಕಾಲಿನ ಒಳಗಡೆ ಪ್ಲೈ, ಹೊರಗಡೆ ದಪ್ಪ ರೀಪರ್ ತುಂಡು, ಕಾಲಿನ ಮುಂದೊಂದು ಹಿಂದೊಂದು ಬೋಲ್ಟು ಎರಡನ್ನೂ ತೂರಿ ಹೋಗುತ್ತದೆ. ಚಿಟ್ಟೆ ನಟ್ಟು ಬಿಗಿ ಮಾಡಿದ ಹಾಗೆ ಕಾಲು ನಡುವೆ ಕಚ್ಚಿಕೊಳ್ಳುತ್ತದೆ. ಪ್ರತಿ ಕಾಲಿಗೂ ಮೇಲೊಂದು ಕೆಳಗೊಂದು ಹಿಡಿ. ಬೋಲ್ಟಿನ ಗುಂಡುತಲೆ ಒಳಗಡೆ ಇರಲಿ, ಮಗುವಿನ ಪಾದ ಓಡಾಡುವುದು ಅಲ್ಲೇ. ನಟ್ಟಿನಿಂದಾಚೆ ಉಳಿದ ಬೋಲ್ಟನ್ನು ಕಬ್ಬಿಣದ ಗರಗಸದಲ್ಲಿ ಕತ್ತರಿಸಿ ಅರದಿಂದ ಉಜ್ಜಿ.

ಅತ್ತೆ ಕನ್ನಡಕ ಏರಿಸಿಕೊಂಡು ಬಂದು, "ಏನಮ್ಮಾ ಇದು, ಕುರ್ಚಿಗೆ ಆಪರೇಷನ್ನಾ? ಮಗು ಬಾಯಿ ತೆಗೆಯೋದಕ್ಕೂ ಕಾಲಿಗೂ ಏನು ಸಂಬಂಧ?" ಅಂದರು.

"ನೀವು ಬಸ್ಸಲ್ಲಿ ನಿಂತು ಇಡ್ಲಿ ತಿಂದು ನೋಡಿ ಅತ್ತೆ, ಗೊತ್ತಾಗತ್ತೆ."

ನಕ್ಕರು. ಆದರೂ ನಟ್ಟು ಹಿಡಿದುಕೊಳ್ಳಲು ಕೂತರು.

ಬಿಗಿದ ಮೇಲೆ ಹಿಡಿ ಕೆಳಕ್ಕೆ ಜಾರತೊಡಗಿತು. ಕುರ್ಚಿಯ ಕಾಲು ಕೆಳಗೆ ಹೋದಂತೆ ತೆಳುವಾಗುತ್ತದೆ, ಪಾಲಿಶ್ ಬೇರೆ ನುಣುಪು. ಸೈಕಲ್ ಟ್ಯೂಬು ಬಂದದ್ದು ಇದಕ್ಕೇ. ಕಾಲಿಗೆ ಒಂದು ಸುತ್ತು ಟ್ಯೂಬು ಸುತ್ತಿ ಮತ್ತೆ ಬಿಗಿದಾಗ ಕಚ್ಚಿಕೊಂಡಿತು, ಪಾಲಿಶ್ಶಿಗೂ ಗೀರು ಬೀಳಲಿಲ್ಲ.

ಕಾಲಿನ ಹಲಗೆ 34.2 ಉದ್ದ, 22 ಅಗಲ. ಮುಂದಿನ ಅಂಚನ್ನು ಅರದಿಂದ ಗುಂಡಗೆ ಮಾಡಿ, 80, ಆಮೇಲೆ 120 ನಂಬರಿನ ಸ್ಯಾಂಡ್ ಪೇಪರ್. ಮೇಲಿನ ಮೆಟ್ಟಿಲಿಗೆ ತೂರಿಸಿ ಹೊರಗಿನಿಂದ ಎರಡೂ ಕಡೆ ಒಂದೊಂದು ಸ್ಕ್ರೂ, ಜಾರದಿರಲಿ ಅಂತ. ಪರೀಕ್ಷೆಗೆ 25 ಕೆಜಿ ಅಕ್ಕಿ ಮೂಟೆಯನ್ನು ಹಲಗೆಯ ತುದಿಯಲ್ಲಿಟ್ಟು ಕುರ್ಚಿಯನ್ನು ಹಿಂದಿನಿಂದ ಅಲುಗಾಡಿಸಿದೆ. ಆಮೇಲೆ ನಾನೇ ಹತ್ತಿ ನಿಂತೆ. ಹಿಂಗಾಲು ಏಳಲಿಲ್ಲ.

ಮೇಲಿನ ಪೆಟ್ಟಿಗೆ

ಇದು ಸುಲಭ. ನಾಲ್ಕು ಗೋಡೆ, ಮೇಲೊಂದು ಮುಚ್ಚಳ, ಒಟ್ಟು ಎತ್ತರ 12 ಸೆಂ.ಮೀ. ಹಿಂದಿನಿಂದ 18 ಸೆಂ.ಮೀ. ಮುಂದಕ್ಕೆ ಒರಗು ಹಲಗೆ, ಎರಡು ಮುಕ್ಕೋನದ ಆಸರೆಯೊಂದಿಗೆ. ಕೂರುವ ಜಾಗಕ್ಕೆ ಮೈಕಾ, ಒರೆಸಲು ಸಲೀಸು. ತಳಕ್ಕೆ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ರಬ್ಬರ್ ಅಂಟಿನಿಂದ ಅಂಟಿಸಿದೆ. ನವಾರದ ಒಂದು ಪಟ್ಟಿ ಸೀಟಿನ ಕೆಳಗೆ ಸುತ್ತುತ್ತದೆ, ಇನ್ನೊಂದು ಕುರ್ಚಿಯ ಬೆನ್ನಿಗೆ. ಪ್ಲೈ ಕಾಣುವ ಕಡೆಗೆಲ್ಲ ನೀರಿನ ಮೂಲದ ಪಾಲಿಶ್ ಎರಡು ಕೋಟು, ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ಬಾಲ್ಕನಿಯಲ್ಲಿ. ಮೂರು ವರ್ಷದೊಳಗಿನ ಮಗುವಿಗೆ ಇಂಥದ್ದು ಮನೆಯಲ್ಲಿ ಮಾಡಬೇಡಿ, ಬೆಲ್ಟಿರುವ ಹೈಚೇರ್ ಕೊಳ್ಳಿ.

ಕೂರಿಸಿದ ಮೇಲೆ

ಕುರ್ಚಿ ಮಾಡಿದ ಕೂಡಲೇ ಮಗು ಹೀರೇಕಾಯಿ ತಿನ್ನುವುದಿಲ್ಲ. ಕುರ್ಚಿ ಕೊಡುವುದು ಸಮಯವನ್ನು. ಮೊದಲು ಐದು ನಿಮಿಷಕ್ಕೆ ಇಳಿಯುತ್ತಿದ್ದವಳು ಈಗ ನಾವು ಉಂಡು ಮುಗಿಸುವವರೆಗೆ, ಸುಮಾರು ಇಪ್ಪತ್ತು ನಿಮಿಷ, ಪಾದ ಹಲಗೆಗೆ ಊರಿ ಕೂರುತ್ತಾಳೆ. ಆ ಇಪ್ಪತ್ತು ನಿಮಿಷದಲ್ಲಿ ಏನಿಡಬೇಕು, ಏನನ್ನಬಾರದು ಎಂಬುದು ಎರಡನೇ ರಿಪೇರಿ. ಇದಕ್ಕೆ ಸಾಮಾನು ಒಂದೇ, ಸ್ಟೀಲಿನ ಚಟ್ನಿ ಬಟ್ಟಲು.

ಅವಳ ತಟ್ಟೆಯಲ್ಲಿ ಅವಳು ತಿನ್ನುವ ಒಂದು ಪದಾರ್ಥ ಇದ್ದೇ ಇರುತ್ತದೆ. ಮನೆಯವರಿಗೆಲ್ಲ ಮಾಡಿದ ಪಲ್ಯವೋ ಕೋಸಂಬರಿಯೋ ಒಂದು ಚಮಚದಷ್ಟು ಈ ಬಟ್ಟಲಲ್ಲಿ, ತಟ್ಟೆಗೆ ತಾಗದ ಹಾಗೆ ಪಕ್ಕಕ್ಕೆ. ಒಂದು ಚಮಚ ಅಂದರೆ ಒಂದೇ ಚಮಚ, ರಾಶಿ ಕಂಡರೇ ಮಕ್ಕಳಿಗೆ ಗಾಬರಿ. ನೋಡಬಹುದು, ಮೂಸಬಹುದು, ಮುಟ್ಟಬಹುದು, ನೆಕ್ಕಬಹುದು, ಬೇಡವೆನಿಸಿದರೆ ಉಗಿಯಬಹುದು. ಬಿಡಲೂಬಹುದು. ಬಾಳೆಎಲೆ ಊಟದ ಶಿಸ್ತೂ ಇದೇ ಅಲ್ಲವೇ? ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಎಲ್ಲ ಒಂದೊಂದು ಚಿಟಿಕೆ, ಒಂದೊಂದು ಜಾಗದಲ್ಲಿ. ಯಾರು ಯಾವುದನ್ನು ಬಿಟ್ಟರು ಅಂತ ಪಂಕ್ತಿಯಲ್ಲಿ ಯಾರೂ ಕೂಗಿ ಹೇಳುವುದಿಲ್ಲ.

ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಇದನ್ನೇ ಕೆಲಸದ ಹಂಚಿಕೆಯಾಗಿ ಹೇಳುತ್ತಾರೆ. ಏನು, ಯಾವಾಗ, ಎಲ್ಲಿ ಎನ್ನುವುದು ದೊಡ್ಡವರ ಪಾಲು. ತಿನ್ನುವುದೋ ಬಿಡುವುದೋ, ಎಷ್ಟು ಎನ್ನುವುದು ಮಗುವಿನ ಪಾಲು. ಹೊಸ ಆಹಾರಕ್ಕೆ ಹೆದರುವುದು ಎರಡರಿಂದ ಆರು ವರ್ಷದ ನಡುವೆ ಹೆಚ್ಚು, ಒಂದೇ ಪದಾರ್ಥ ಎಂಟು ಹತ್ತು ಸಲ, ಕೆಲವೊಮ್ಮೆ ಹದಿನೈದು ಸಲ ಮುಂದೆ ಬಂದ ಮೇಲೆ ಮಗು ಒಪ್ಪಬಹುದು. ನಾವಾದರೋ ಎರಡು ಸಲ ಇಟ್ಟು "ಇವಳಿಗೆ ಬೀನ್ಸ್ ಆಗಲ್ಲ" ಅಂತ ಹಣೆಪಟ್ಟಿ ಕಟ್ಟಿಬಿಡುತ್ತೇವೆ.

ಅತ್ತೆಗೆ ಕಷ್ಟವಾದದ್ದು ಸುಮ್ಮನಿರುವುದು. "ಇನ್ನೊಂದೇ ತುತ್ತು ಪುಟ್ಟಮ್ಮಾ" ಎಂಬುದು ಅವರ ಬಾಯಿಗೆ ಉಸಿರಿನಷ್ಟೇ ಸಹಜ. ಆದರೆ ಅವರ ಹತ್ತಿರವೇ ಇದಕ್ಕಿಂತ ಒಳ್ಳೆಯ ವಿದ್ಯೆ ಇತ್ತು, ಕೈತುತ್ತು. ಶನಿವಾರ ರಾತ್ರಿ ಅವರು ಪಾತ್ರೆಯಲ್ಲಿ ಹುಳಿಯನ್ನ ಕಲಸಿ, ಉಂಡೆ ಮಾಡಿ, ಸರದಿಯ ಮೇಲೆ ಎಲ್ಲರ ಅಂಗೈಗೆ ಹಾಕುತ್ತಾರೆ. ಬಾಯಿಗೆ ತುರುಕುವುದಕ್ಕೂ ಅಂಗೈಗೆ ಹಾಕುವುದಕ್ಕೂ ಬಹಳ ಅಂತರ. ಅಂಗೈಯಲ್ಲಿದ್ದದ್ದು ಅವಳದು. ಅಪ್ಪನ ತುತ್ತಿನಲ್ಲಿ ನುಗ್ಗೆಕಾಯಿ ಬಂದು ತನಗೆ ಬರದಿದ್ದರೆ ಜಗಳ.

ತರಕಾರಿಯನ್ನು ರುಬ್ಬಿ ದೋಸೆ ಹಿಟ್ಟಿನೊಳಗೆ ಬಚ್ಚಿಡುವ ಉಪಾಯ ನನಗೆ ಹಿಡಿಸದು. ಹೊಟ್ಟೆಗೇನೋ ಹೋಗುತ್ತದೆ, ಆದರೆ ಮಗು ಆ ತರಕಾರಿಯನ್ನು ಕಂಡ ಹಾಗಾಗಲಿಲ್ಲ. ಗೊತ್ತಾದ ದಿನ ದೋಸೆಯನ್ನೂ ಅನುಮಾನಿಸಲು ಶುರುಮಾಡುತ್ತದೆ. ಅದಕ್ಕಿಂತ ತಿನ್ನುವ ಪದಾರ್ಥದಿಂದ ತಿನ್ನದ ಪದಾರ್ಥದ ಕಡೆಗೆ ಒಂದೊಂದೇ ಹೆಜ್ಜೆ ಇಡುವುದು ಮೇಲು. ಗರಿಗರಿ ದೋಸೆ ಇಷ್ಟ, ಸರಿ, ಅಷ್ಟೇ ಗರಿಯಾದ ರಾಗಿ ದೋಸೆ. ಅದು ಒಗ್ಗಿದ ಮೇಲೆ ತೆಳ್ಳಗೆ ತಟ್ಟಿದ ಅಕ್ಕಿ ರೊಟ್ಟಿ. ಆಮೇಲೆ ಅದಕ್ಕೆ ಸಬ್ಬಸಿಗೆ ಸೊಪ್ಪು, ಕಣ್ಣಿಗೆ ಕಾಣುವ ಹಾಗೇ.

ಆ ಸೊಪ್ಪಿನ ರೊಟ್ಟಿ ಇಟ್ಟಾಗ ಅವಳು ಮಾಡಿದ್ದನ್ನು ನೋಡಬೇಕಿತ್ತು. ತೋರುಬೆರಳಿನ ಉಗುರಿನಿಂದ ಒಂದೊಂದೇ ಹಸಿರು ಎಳೆ ಕೆತ್ತಿ ತೆಗೆದು ತಟ್ಟೆಯ ಅಂಚಿನ ಸುತ್ತ ಅಂಟಿಸಿದಳು. ರೊಟ್ಟಿ ಜಾಲರಿಯಾಯಿತು. ಅತ್ತೆಯ ತುಟಿ ಅಲುಗುತ್ತಿತ್ತು, ನಾನು ಮೇಜಿನ ಕೆಳಗಿಂದ ಅವರ ಕೈ ಒತ್ತಿದೆ. ಸೊಪ್ಪನ್ನೆಲ್ಲ ತೆಗೆದ ಮೇಲೆ ಬೆರಳು ನೆಕ್ಕಿಕೊಂಡಳು. ಸಬ್ಬಸಿಗೆಯ ಘಮ ಬೆರಳಲ್ಲಿತ್ತು. ನಮ್ಮ ಲೆಕ್ಕಕ್ಕೆ ಅದೂ ರುಚಿ ನೋಡಿದಂತೆಯೇ. ಮುಂದಿನ ರೊಟ್ಟಿಗಳಲ್ಲಿ ಅಂಚಿಗೆ ಅಂಟುವ ಎಳೆಗಳು ಕಡಿಮೆಯಾಗುತ್ತಾ ಬಂದವು.

ಬೆಂಡೆಕಾಯಿಗೆ ಬೇರೆ ರಿಪೇರಿ. ಅವಳ ದೂರು ಲೋಳೆಯ ಮೇಲೆ, ರುಚಿಯ ಮೇಲಲ್ಲ. ತೊಳೆದು ಬಟ್ಟೆಯಲ್ಲಿ ಪೂರ್ತಿ ಒರೆಸಿ, ಉದ್ದಕ್ಕೆ ಸೀಳಿ, ಮುಚ್ಚಳ ಮುಚ್ಚದೆ ಅಗಲ ಬಾಣಲೆಯಲ್ಲಿ ಹುರಿದು, ಕೊನೆಗೆ ಒಂದು ಚಮಚ ಹುಣಸೆರಸ. ಹುಳಿಗೆ ಲೋಳೆ ಮುರಿಯುತ್ತದೆ. ಗರಿಯಾದ ಕಡ್ಡಿಗಳನ್ನು ಈಗ ಬಟ್ಟಲಿನಿಂದಲೇ ಎತ್ತಿಕೊಂಡು ತಿನ್ನುತ್ತಾಳೆ. ಕ್ಯಾರೆಟ್ಟನ್ನು ಮಾತ್ರ ತುರಿದೇ ಕೊಡುವುದು. ಹಸಿ ಕ್ಯಾರೆಟ್ ತುಂಡು, ಇಡೀ ಕಡಲೆಬೀಜ, ಇಡೀ ದ್ರಾಕ್ಷಿ ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ.

ಇಷ್ಟೆಲ್ಲ ಮಾಡಿಯೂ ರಾತ್ರಿ ಎಂಟೂವರೆಗೆ ಹಸಿವೇ ಇಲ್ಲದಿದ್ದರೆ ಕುರ್ಚಿಯೂ ಬಟ್ಟಲೂ ದಂಡ. ನಮ್ಮಲ್ಲಿ ಸಂಜೆ ಏಳಕ್ಕೆ ಒಂದು ದೊಡ್ಡ ಲೋಟ ಹಾಲು, ಜೊತೆಗೆ ಬಿಸ್ಕತ್ತು ನಡೆಯುತ್ತಿತ್ತು. ಅದನ್ನು ಐದೂವರೆಗೆ ತಂದು, ಲೋಟ ಚಿಕ್ಕದು ಮಾಡಿದೆವು. ಊಟ ಬಿಟ್ಟಳೆಂದು ಮಲಗುವ ಮುನ್ನ ಮತ್ತೊಂದು ಲೋಟ ಕೊಡುವುದೂ ನಿಂತಿತು. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಕುಡಿಯುವ ಮಕ್ಕಳಿಗೆ ಬೇರೆ ಊಟ ಸೇರದು, ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ ಎಂದು ಮಕ್ಕಳ ಡಾಕ್ಟರುಗಳು ಎಚ್ಚರಿಸುವುದು ಸುಮ್ಮನೆ ಅಲ್ಲ.

ಮನೆಯ ರಿಪೇರಿಗೆ ಬಗ್ಗದ ತೊಂದರೆಗಳೂ ಇವೆ. ಮಗುವಿನ ತೂಕ ಏರದಿದ್ದರೆ ಅಥವಾ ಇಳಿದರೆ, ಗಟ್ಟಿ ಪದಾರ್ಥ ಬಾಯಿಗಿಟ್ಟ ಕೂಡಲೇ ಪ್ರತಿಸಲ ಓಕರಿಕೆಯೋ ಕೆಮ್ಮೋ ಬಂದರೆ, ತಿನ್ನುತ್ತಿದ್ದ ಪದಾರ್ಥಗಳೇ ಒಂದೊಂದಾಗಿ ಕೈಬಿಡುತ್ತಾ ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಹಠಕ್ಕಿಂತ ಬೇರೆಯದಾದ, ತೀರಾ ಕೆಲವನ್ನೇ ತಿಂದು ಉಳಿದದ್ದನ್ನೆಲ್ಲ ದೂರವಿಡುವ ಸ್ಥಿತಿಗೆ 2013ರಿಂದ ವೈದ್ಯರ ಕಾಯಿಲೆಗಳ ಪಟ್ಟಿಯಲ್ಲಿ ಎಆರ್‌ಎಫ್‌ಐಡಿ ಎಂಬ ಪ್ರತ್ಯೇಕ ಹೆಸರೇ ಇದೆ.

ಈಗಿನ ಸ್ಥಿತಿ

ಸಬ್ಬಸಿಗೆ ರೊಟ್ಟಿ, ಬೆಂಡೆಕಾಯಿ, ಹೆಸರುಬೇಳೆ ಕೋಸಂಬರಿ, ನುಗ್ಗೆಕಾಯಿ ಹುಳಿ ತಟ್ಟೆಗೇ ಬಂದಿವೆ. ಬೀಟ್‌ರೂಟ್ ಬಟ್ಟಲಲ್ಲಿದೆ, ಬಣ್ಣಕ್ಕೆ ಬೆರಳದ್ದಿ ಮೀಸೆ ಬರೆದುಕೊಳ್ಳುವ ಹಂತ. ನವಿಲುಕೋಸನ್ನು ಮೂಸಿದರೇ ಮುಖ ತಿರುಗಿಸುತ್ತಾಳೆ. ಕೋಸಿನ ಜಾತಿಯ ಕಹಿ ಕೆಲವರ ನಾಲಿಗೆಗೆ ಹುಟ್ಟಿನಿಂದಲೇ ಹೆಚ್ಚು ತಾಗುತ್ತದೆ, ಅವಳ ಅಪ್ಪನೂ ಅದನ್ನು ಮುಟ್ಟುವುದಿಲ್ಲವಾದ್ದರಿಂದ ನನಗೆ ಮಾತಾಡಲು ಬಾಯಿಲ್ಲ. ಹಾಗಲಕಾಯಿ ಗೊಜ್ಜನ್ನು ಅತ್ತೆ ತಮ್ಮ ತಟ್ಟೆಯಲ್ಲಿ ಚಪ್ಪರಿಸುತ್ತಾರೆ, ಬಟ್ಟಲಿಗೆ ಇನ್ನೂ ಇಳಿಸಿಲ್ಲ.

ಕುರ್ಚಿಗೆ ಸಂಬಂಧಿಸಿ ಎರಡು ಮಾತು. ಚಿಟ್ಟೆ ನಟ್ಟುಗಳು ಅಲುಗಾಟಕ್ಕೆ ಸಡಿಲವಾಗುತ್ತವೆ, ತಿಂಗಳಿಗೊಮ್ಮೆ ಗ್ಯಾಸ್ ಸಿಲಿಂಡರ್ ಬದಲಿಸುವ ದಿನವೇ ಅವನ್ನೂ ತಿರುಗಿಸಿ ನೋಡುತ್ತೇನೆ. ಮೈಕಾದ ಅಂಚಿನಲ್ಲಿ ಅನ್ನದ ಅಗಳು ಸಿಕ್ಕಿ ಒಣಗುತ್ತದೆ, ಅಲ್ಲಿಗೆ ಪಿವಿಸಿ ಅಂಚುಪಟ್ಟಿ ಹಾಕಬೇಕು. ಈ ವಾರ ಟೇಪು ಹಿಡಿದಾಗ ಮಂಡಿಯಿಂದ ಅಂಗಾಲಿಗೆ 25 ದಾಟಿತ್ತು. ಇನ್ನೊಂದೂವರೆ ಸೆಂ.ಮೀ. ಬೆಳೆದರೆ ಹಲಗೆ ಎರಡನೇ ಮೆಟ್ಟಿಲಿಗೆ ಇಳಿಯುತ್ತದೆ.